ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಕಾಟಿಶ್ ಕಂಟ್ರಿ ಡ್ಯಾನ್ಸ್ ಸಂಘದ ಕೂಟಗಳಲ್ಲಿ ಹೊಸಬರು ಹೊಂದಿಕೊಳ್ಳಬಹುದೇ?

ಸೆಪ್ಟೆಂಬರ್‌ನಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಎಡಿನ್‌ಬರೋಗೆ ಹೊರಟಿರುವ ನೀವು, ಅಲ್ಲಿಯ ವಿದ್ಯಾರ್ಥಿಗಳ ಸ್ಕಾಟಿಶ್ ಕಂಟ್ರಿ ಡ್ಯಾನ್ಸ್ ಸಂಘವನ್ನು ಸೇರುವ ಆಸೆಯಿದೆ, ಆದರೆ ತರಗತಿಗಿಂತ ಅವರ ಸಂಜೆಯ ಕೂಟಗಳೇ ಅಳುಕು ಹುಟ್ಟಿಸುತ್ತಿವೆ ಎಂದು ಬರೆದಿದ್ದೀರಿ. ಕುಣಿದು ಅಭ್ಯಾಸವಿಲ್ಲ, ಜೊತೆಗೆ ಬರುವವರು ಯಾರೂ ಇಲ್ಲ, ಮಾಂಸ ಮದ್ಯಗಳನ್ನು ಮುಟ್ಟುವುದಿಲ್ಲ, ಏನು ಉಡಬೇಕೆಂಬುದೂ ತಿಳಿಯದು ಎಂಬುದು ನಿಮ್ಮ ಪ್ರಶ್ನೆಯ ಸಾರ. ನಾನು ಅದೇ ಊರಿನಲ್ಲಿ ಓದುತ್ತಿದ್ದಾಗ ಇಂಥ ಸಂಘವೊಂದರಲ್ಲಿ ಕುಣಿಯುತ್ತಿದ್ದೆ. ಊರು ಬಿಟ್ಟ ಮೇಲೂ ಆ ಹವ್ಯಾಸವನ್ನು ಬಿಟ್ಟಿಲ್ಲ. ಕುಣಿತ ಚೆನ್ನಾಗಿ ಬಂದ ಮೇಲೆ ಕೂಟಗಳಿಗೆ ಹೋದರಾಯಿತು ಎಂದು ಕಾಯುತ್ತ ಕೂರಬೇಡಿ ಎಂಬುದೇ ನನ್ನ ಉತ್ತರ. ಆದರೆ ಯಾವ ಕೂಟ ಯಾವ ಬಗೆಯದು ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಿ, ಏಕೆಂದರೆ ಹೊಸಬರ ಉತ್ಸಾಹ ಕುಗ್ಗುವುದು ಸಾಮಾನ್ಯವಾಗಿ ಹೋಗಬಾರದ ಹೊತ್ತಿನಲ್ಲಿ ಹೋಗಬಾರದ ಕೂಟಕ್ಕೆ ಹೋದಾಗ.

ಹೊರಗಿನವರಿಗೆ ಒಂದೇ ಎನಿಸುವ ಎರಡು ಸಂಪ್ರದಾಯಗಳು ಇಲ್ಲಿ ಅಕ್ಕಪಕ್ಕದಲ್ಲಿವೆ. ಮೊದಲನೆಯದು ಕೇಲಿ. ಮದುವೆಯ ಮನೆಯಲ್ಲಿ, ಶಾಲೆಯಲ್ಲಿ, ವಿದ್ಯಾರ್ಥಿ ಒಕ್ಕೂಟದ ಸಭಾಂಗಣದಲ್ಲಿ ನಡೆಯುವ ಸಡಿಲವಾದ ಕುಣಿತ ಅದು. ಪ್ರತಿ ನೃತ್ಯಕ್ಕೂ ಮುಂಚೆ ಒಬ್ಬರು ವೇದಿಕೆಯಿಂದ ಹೇಳಿಕೊಡುತ್ತಾರೆ, ಹೆಜ್ಜೆ ಹೇಗಿದ್ದರೂ ನಡೆಯುತ್ತದೆ. ಎರಡನೆಯದೇ ಕಂಟ್ರಿ ಡ್ಯಾನ್ಸ್. ಇದರಲ್ಲಿ ಹೆಜ್ಜೆಗೂ ವಿನ್ಯಾಸಕ್ಕೂ ಬರೆದಿಟ್ಟ ನಿಯಮವಿದೆ. 1923ರಲ್ಲಿ ಗ್ಲಾಸ್ಗೋದಲ್ಲಿ ಜೀನ್ ಮಿಲಿಗನ್ ಮತ್ತು ಇಸೊಬೆಲ್ ಸ್ಟುವರ್ಟ್ ಎಂಬ ಇಬ್ಬರು ಮಹಿಳೆಯರ ಮುತುವರ್ಜಿಯಿಂದ ಹುಟ್ಟಿದ ಸಂಸ್ಥೆ ಹಳೆಯ ನೃತ್ಯಗಳನ್ನು ಕಲೆಹಾಕಿ, ತಿದ್ದಿ, ಪುಸ್ತಕಗಳಾಗಿ ಪ್ರಕಟಿಸಿತು. 1951ರಲ್ಲಿ ಅದಕ್ಕೆ ರಾಯಲ್ ಎಂಬ ಬಿರುದು ಸೇರಿತು. ಇದರಿಂದಾಗಿ ಎಡಿನ್‌ಬರೋದಲ್ಲಿ ಕಲಿತ ನೃತ್ಯವನ್ನು ನೀವು ಟೋಕಿಯೊದಲ್ಲೋ ಸಿಡ್ನಿಯಲ್ಲೋ ಗುರುತು ಪರಿಚಯವಿಲ್ಲದವರ ನಡುವೆ ನಿಂತು ಹಾಗೆಯೇ ಕುಣಿಯಬಹುದು. ವಿಶ್ವವಿದ್ಯಾಲಯದ ಸಂಘಗಳು ಮುಖ್ಯವಾಗಿ ಈ ಎರಡನೆಯದನ್ನು ಕಲಿಸುತ್ತವೆ, ಮೊದಲನೆಯದನ್ನು ಬಾಗಿಲಾಗಿ ಬಳಸುತ್ತವೆ.

ಆ ಬಾಗಿಲು ಸೆಪ್ಟೆಂಬರ್‌ನಲ್ಲೇ ತೆರೆಯುತ್ತದೆ. ಹೊಸ ವಿದ್ಯಾರ್ಥಿಗಳ ಸ್ವಾಗತ ವಾರದಲ್ಲಿ ನಡೆಯುವ ಕೇಲಿಗೆ ಕಣ್ಣು ಮುಚ್ಚಿಕೊಂಡು ಹೋಗಿ. ಅಲ್ಲಿ ಡ್ಯಾಷಿಂಗ್ ವೈಟ್ ಸಾರ್ಜೆಂಟ್ ಎಂಬ ನೃತ್ಯ ಬಹುತೇಕ ಇದ್ದೇ ಇರುತ್ತದೆ. ಮೂವರು ಒಂದು ಸಾಲಾಗಿ ಕೈ ಹಿಡಿದು ಎದುರಿನ ಮೂವರಿಗೆ ಮುಖಮಾಡಿ ನಿಲ್ಲುತ್ತಾರೆ. ವಿನ್ಯಾಸ ಮುಗಿದಾಗ ಒಂದು ತಂಡ ಕೈಗಳನ್ನು ಮೇಲೆತ್ತಿ ಕಮಾನು ಮಾಡುತ್ತದೆ, ಇನ್ನೊಂದು ಅದರಡಿ ನುಸುಳಿ ಮುಂದಿನ ಮೂವರನ್ನು ಸೇರುತ್ತದೆ. ಹೀಗೆ ಸುತ್ತು ಸಾಗಿದಂತೆ ಸಭಾಂಗಣದ ಅರ್ಧದಷ್ಟು ಮಂದಿಯ ಮುಖ ನಿಮಗೆ ಪರಿಚಯವಾಗಿರುತ್ತದೆ. ಒಂಟಿಯಾಗಿ ಬಂದವರಿಗೆ ಮೂವರ ನೃತ್ಯ ವರವೇ ಸರಿ, ಏಕೆಂದರೆ ಇಬ್ಬರು ಗೆಳೆಯರು ಯಾವಾಗಲೂ ಮೂರನೆಯವರನ್ನು ಹುಡುಕುತ್ತಿರುತ್ತಾರೆ. ಸ್ಟ್ರಿಪ್ ದ ವಿಲ್ಲೋ ಬಂದಾಗ ಮಾತ್ರ ಸ್ವಲ್ಪ ಜೋಪಾನ. ಸಾಲಿನುದ್ದಕ್ಕೂ ಒಬ್ಬೊಬ್ಬರನ್ನು ತಿರುಗಿಸುತ್ತ ಇಳಿಯುವ ಆ ನೃತ್ಯದಲ್ಲಿ, ಕುಡಿದು ಬಂದ ದೇಹದಾರ್ಢ್ಯದ ಹುಡುಗರು ತಿರುಗಿಸುವ ರಭಸಕ್ಕೆ ಭುಜ ಕಿತ್ತು ಬಂದೀತು. ಮೊಣಕೈಗೆ ಮೊಣಕೈ ಸಿಕ್ಕಿಸಿ ತಿರುಗಿ, ಬೆರಳುಗಳನ್ನು ಮಾತ್ರ ಯಾರ ಕೈಗೂ ಕೊಡಬೇಡಿ.

ಆಮೇಲೆ ವಾರದ ತರಗತಿ ಶುರುವಾಗುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಜ್ಜೆಗಳನ್ನು ಅವರು ಸಾವಧಾನವಾಗಿ ಕಲಿಸುತ್ತಾರೆ, ಮೊದಲ ಕೆಲವು ದಿನ ಮೀನಖಂಡ ನೋಯುತ್ತದೆ, ಅಷ್ಟೇ. ತರಗತಿ ಮುಗಿದ ಮೇಲೆ ಗುಂಪು ಹತ್ತಿರದ ಪಬ್‌ಗೆ ಹೋಗುವುದು ವಾಡಿಕೆ. ಮದ್ಯ ಮುಟ್ಟದವರು ಅಲ್ಲಿಗೆ ಹೋಗಬಾರದೆಂದು ತಪ್ಪು ತಿಳಿಯಬೇಡಿ. ಅಲ್ಲಿ ನಿಂಬೆರಸ ಬೆರೆಸಿದ ಸೋಡಾ ಹಿಡಿದು ಕೂರುವವರು ಪ್ರತಿ ಮೇಜಿನಲ್ಲೂ ಇರುತ್ತಾರೆ, ಯಾರೂ ಕಾರಣ ಕೇಳುವುದಿಲ್ಲ. ಸಂಘದ ಮುಂದಿನ ಪ್ರವಾಸ, ಕಾರಿನಲ್ಲಿ ಉಳಿದಿರುವ ಜಾಗ, ಯಾರ ಮನೆಯಲ್ಲಿ ಭಾನುವಾರದ ಊಟ ಎಂಬುದೆಲ್ಲ ತೀರ್ಮಾನವಾಗುವುದು ಆ ಮೇಜಿನ ಸುತ್ತಲೇ.

ಇನ್ನು ನಿಮ್ಮ ಅಳುಕಿನ ಮೂಲವಾದ ಕೂಟಕ್ಕೆ ಬರುತ್ತೇನೆ. ಸಂಘ ತಾನೇ ನಡೆಸುವ ಸಂಜೆಯ ನೃತ್ಯಕೂಟದಲ್ಲಿ ಅಕಾರ್ಡಿಯನ್, ಪಿಟೀಲು, ಪಿಯಾನೊ, ಡ್ರಮ್ ಇರುವ ವಾದ್ಯಗೋಷ್ಠಿ ಇದ್ದರೆ ಇರಬಹುದು, ಇಲ್ಲವಾದರೆ ಧ್ವನಿಮುದ್ರಿಕೆ. ನೃತ್ಯಗಳ ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ. ಜಿಗ್, ಸ್ಟ್ರಾತ್‌ಸ್ಪೇ, ರೀಲ್ ಎಂಬ ಮೂರು ಬಗೆಯ ಲಯಗಳು ಒಂದಾದ ಮೇಲೊಂದರಂತೆ ಬರುತ್ತವೆ. ನಡುವಿನ ಸ್ಟ್ರಾತ್‌ಸ್ಪೇ ನಿಧಾನಗತಿಯದು, ಸ್ಕಾಟ್ಲೆಂಡಿನದೇ ಸ್ವತ್ತು. ಒಂದು ನೃತ್ಯದ ಹೆಸರನ್ನು ಕೂಗಿದ ತಕ್ಷಣ ಜನ ಎದ್ದು ಜೋಡಿ ಹುಡುಕಿಕೊಳ್ಳುತ್ತಾರೆ. ಇಲ್ಲಿ ನೆನಪಿಡಬೇಕಾದ ಸಂಪ್ರದಾಯವೆಂದರೆ, ಒಂದು ನೃತ್ಯಕ್ಕೆ ಒಬ್ಬ ಜೊತೆಗಾರ, ಮುಂದಿನದಕ್ಕೆ ಬೇರೊಬ್ಬರು. ಗಂಡ ಹೆಂಡತಿ ಜೊತೆಗೆ ಬಂದಿದ್ದರೂ ಇಡೀ ಸಂಜೆ ತಮ್ಮತಮ್ಮಲ್ಲೇ ಕುಣಿಯುವುದು ಅಲ್ಲಿ ಸೌಜನ್ಯವೆನಿಸದು. ಆದ್ದರಿಂದ ಜೊತೆ ಇಲ್ಲದೆ ಬಂದ ನೀವು ಯಾವ ರೀತಿಯಲ್ಲೂ ಕಡಿಮೆಯವರಲ್ಲ, ಎಲ್ಲರೂ ಅದೇ ಸ್ಥಿತಿಯಲ್ಲಿರುತ್ತಾರೆ. ಹೆಣ್ಣು ಗಂಡನ್ನು ಕೇಳಬಹುದು, ಹೊಸಬರು ಹಳಬರನ್ನು ಕೇಳಬಹುದು. ‘ಈ ನೃತ್ಯ ನನಗೆ ಗೊತ್ತಿಲ್ಲ, ಆದರೂ ಕುಣಿಯುತ್ತೀರಾ’ ಎಂದು ಕೇಳುವುದಕ್ಕೂ ಸಂಕೋಚ ಬೇಡ. ನಾನು ಕಂಡಂತೆ ಈ ಪ್ರಶ್ನೆಗೆ ಇಲ್ಲವೆನ್ನುವ ಹಳಬರು ತೀರ ವಿರಳ, ಏಕೆಂದರೆ ಅವರನ್ನು ಕೂಡ ಯಾರೋ ಹೀಗೆಯೇ ಕೈಹಿಡಿದು ನಡೆಸಿರುತ್ತಾರೆ.

ಸಾಲು ಕಟ್ಟುವ ಕ್ರಮವನ್ನು ತಿಳಿದರೆ ಅರ್ಧ ಭಯ ಹೋದಂತೆ. ಗಂಡಸರ ಪಾತ್ರದವರು ಒಂದು ಸಾಲು, ಹೆಂಗಸರ ಪಾತ್ರದವರು ಎದುರು ಸಾಲು. ವಾದ್ಯಗೋಷ್ಠಿಯ ಕಡೆಯದು ಮೇಲ್ತುದಿ. ಸಾಮಾನ್ಯವಾಗಿ ನಾಲ್ಕು ಜೋಡಿಗಳಿಗೆ ಒಂದು ಸೆಟ್. ತಡವಾಗಿ ಬಂದವರು ಯಾವಾಗಲೂ ಸಾಲಿನ ಕೆಳತುದಿಗೆ ಹೋಗಿ ಸೇರಬೇಕು. ಮೇಲೋ ನಡುವೆಯೋ ನುಗ್ಗುವುದನ್ನು ಮಾತ್ರ ಅಲ್ಲಿ ಯಾರೂ ಸಹಿಸುವುದಿಲ್ಲ. ಎಲ್ಲರೂ ನಿಂತ ಮೇಲೆ ಮೇಲ್ತುದಿಯಿಂದ ಒಬ್ಬರು ಸಾಲಿನುದ್ದಕ್ಕೂ ನಡೆದು, ಜೋಡಿಗಳನ್ನು ನಾಲ್ಕು ನಾಲ್ಕಾಗಿ ಎಣಿಸುತ್ತಾರೆ. ಹೊಸಬರು ಮಾಡಬೇಕಾದುದೇನೆಂದರೆ, ಸೆಟ್ಟಿನ ಮೂರನೆಯ ಅಥವಾ ನಾಲ್ಕನೆಯ ಜೋಡಿಯಾಗಿ ನಿಲ್ಲುವಂತೆ ನೋಡಿಕೊಳ್ಳುವುದು. ಮೂರು ಜೋಡಿಗಳ ಒಂದು ಸಾಧಾರಣ ನೃತ್ಯದಲ್ಲಿ 32 ಬಾರ್‌ಗಳ (ಬಾರ್ ಎಂದರೆ ಸಂಗೀತದ ತಾಳದ ಒಂದು ಅಳತೆ) ವಿನ್ಯಾಸ ಎಂಟು ಬಾರಿ ಆವರ್ತಿಸುತ್ತದೆ. ಮೊದಲ ಜೋಡಿ ಅದನ್ನು ಎರಡು ಬಾರಿ ನಡೆಸಿ ಕೆಳಕ್ಕೆ ಹೋಗುತ್ತದೆ, ನಂತರ ಮೇಲೆ ಬಂದ ಜೋಡಿಯ ಸರದಿ. ಅಂದರೆ ಎಣಿಕೆಯಲ್ಲಿ ನಾಲ್ಕನೆಯವರಾದ ನೀವು ಮೊದಲ ಆವರ್ತನದಲ್ಲಿ ಸುಮ್ಮನೆ ನಿಂತು ನೋಡುತ್ತೀರಿ, ಮುಂದಿನವುಗಳಲ್ಲಿ ಇತರರಿಗೆ ಒತ್ತಾಸೆಯಾಗಿ ಸ್ವಲ್ಪಸ್ವಲ್ಪ ಕುಣಿಯುತ್ತೀರಿ, ನಿಮ್ಮದೇ ಸರದಿ ಬರುವ ಹೊತ್ತಿಗೆ ಅದೇ ವಿನ್ಯಾಸವನ್ನು ಆರು ಬಾರಿ ಕಂಡಿರುತ್ತೀರಿ. ರೀಲ್ ಆದರೆ ಇಡೀ ನೃತ್ಯ ಐದು ನಿಮಿಷದೊಳಗೆ ಮುಗಿದುಹೋಗುತ್ತದೆ. ಸ್ಟ್ರಾತ್‌ಸ್ಪೇ ಹೆಚ್ಚು ಕಡಿಮೆ ಅದರ ಎರಡರಷ್ಟು. ಕೆಳತುದಿಯಲ್ಲಿ ಬಿಡುವಾಗಿ ನಿಂತಾಗಲೇ ಜೊತೆಗಾರರೊಡನೆ ನಾಲ್ಕು ಮಾತು ಆಡಲು ಸಮಯ ಸಿಗುವುದು. ಯಾವ ವಿಭಾಗ, ಯಾವ ಊರು, ಚಳಿ ಹೇಗಿದೆ ಎಂಬ ಮಾತು ಶುರುವಾಗುವಷ್ಟರಲ್ಲಿ ಸರದಿ ಬರುತ್ತದೆ. ಮಾತು ಬೆಳೆಸಲು ತಡವರಿಸುವ ನನ್ನಂಥವರಿಗೆ ಮಾತನ್ನು ತಾನಾಗಿ ತುಂಡರಿಸುವ ಈ ಏರ್ಪಾಡು ಬಹಳ ಹಿತವಾಗಿತ್ತು.

ರೀಲ್ ಎಂಬ ಹೆಸರು ಲಯಕ್ಕೂ ಇದೆ, ಒಂದು ವಿನ್ಯಾಸಕ್ಕೂ ಇದೆ. ಮೂವರೋ ನಾಲ್ವರೋ ಒಬ್ಬರನ್ನೊಬ್ಬರು ಎಡಬಲಗಳಲ್ಲಿ ಹಾದು, ನೆಲದ ಮೇಲೆ ಎಂಟರ ಆಕಾರ ಬರೆಯುವ ವಿನ್ಯಾಸ ಅದು. ಜಡೆ ಕೋಲಾಟದಲ್ಲಿ ಹಗ್ಗ ಹಿಡಿದವರು ಒಬ್ಬರ ಹೊರಗೆ, ಮುಂದಿನವರ ಒಳಗೆ ಎಂದು ನುಸುಳುತ್ತ ಹೆಣಿಗೆ ಹಾಕುವುದನ್ನು ನೀವು ನೋಡಿದ್ದರೆ ಇದು ಬೇಗ ಹತ್ತುತ್ತದೆ. ಇಲ್ಲಿ ಹಗ್ಗವಿಲ್ಲ, ದಾರಿ ಮಾತ್ರ ಹಾಗೆಯೇ. ದಾರಿ ತಪ್ಪಿದಿರೆಂದುಕೊಳ್ಳಿ, ಎದುರಿನವರು ಕಣ್ಣಿನಲ್ಲೇ ಸನ್ನೆ ಮಾಡಿ ಕೈ ಚಾಚುತ್ತಾರೆ. ಆ ಕೈಯ ಕಡೆಗೆ ಹೋಗಿ. ನಿಂತು ಕ್ಷಮೆ ಕೇಳುತ್ತ ಕೂರಬಾರದು, ಸಂಗೀತ ಯಾರಿಗಾಗಿಯೂ ನಿಲ್ಲುವುದಿಲ್ಲ.

ಅಪರಿಚಿತರ ಕೈ ಹಿಡಿಯುವ ಬಗ್ಗೆ ನೀವು ನೇರವಾಗಿ ಕೇಳಿಲ್ಲವಾದರೂ ನಮ್ಮ ಊರುಗಳಿಂದ ಹೋದವರಿಗೆ ಅದು ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ. ಕಂಟ್ರಿ ಡ್ಯಾನ್ಸ್‌ನಲ್ಲಿ ಸ್ಪರ್ಶವೆಂದರೆ ಬಹುಮಟ್ಟಿಗೆ ಭುಜದೆತ್ತರದಲ್ಲಿ ಹಿಡಿದ ಕೈ, ಅದೂ ಕೆಲವೇ ಕ್ಷಣ. ಸೊಂಟ ಬಳಸಿ ಕುಣಿಯುವ ವಾಲ್ಟ್ಸ್ ಕೇಲಿಯಲ್ಲೂ, ಬಾಲ್ ಎಂಬ ದೊಡ್ಡ ಔಪಚಾರಿಕ ನೃತ್ಯಕೂಟದ ಕೊನೆಯಲ್ಲೂ ಬರಬಹುದು. ಬೇಡವಾದರೆ ಕೂತು ನೀರು ಕುಡಿಯಬಹುದು. ಗಂಡಸರ ಪಾತ್ರ, ಹೆಂಗಸರ ಪಾತ್ರ ಎಂದೆನಲ್ಲ, ವಿದ್ಯಾರ್ಥಿ ಸಂಘಗಳಲ್ಲಿ ಅದು ಸಾಲಿನ ಯಾವ ಬದಿಯಲ್ಲಿ ನಿಲ್ಲುತ್ತೀರಿ ಎಂಬುದಷ್ಟೇ. ಇಬ್ಬರು ಹುಡುಗಿಯರು ಜೋಡಿಯಾಗುವುದು, ಇಬ್ಬರು ಹುಡುಗರು ಜೋಡಿಯಾಗುವುದು ದಿನನಿತ್ಯದ ಸಂಗತಿ. ಕಣ್ಣು ತಪ್ಪಿಸುವುದನ್ನು ಮಾತ್ರ ಅಲ್ಲಿ ಒರಟುತನವೆಂದು ತಿಳಿಯುತ್ತಾರೆ. ಎದುರಿನವರನ್ನು ನೋಡಿ ನಗುವುದೂ ಹೆಜ್ಜೆಯ ಒಂದು ಭಾಗವೆಂದೇ ಕಲಿಸುತ್ತಾರೆ.

ಯಾವ ವಿದ್ಯಾರ್ಥಿ ಕೂಟಕ್ಕೆ ಹೋದರೂ ತಪ್ಪದೆ ಎದುರಾಗುವ ನೃತ್ಯವೊಂದರ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅದರ ಹೆಸರು ರೀಲ್ ಆಫ್ ದ ಫಿಫ್ಟಿಫಸ್ಟ್ ಡಿವಿಷನ್. 1940ರ ಜೂನ್‌ನಲ್ಲಿ ಫ್ರಾನ್ಸಿನ ಸಾಂ ವಾಲರಿ ಎಂಬ ಕಡಲತೀರದ ಪಟ್ಟಣದಲ್ಲಿ ಬ್ರಿಟಿಷ್ ಸೇನೆಯ ಸ್ಕಾಟಿಶ್ ಪಡೆಯಾದ 51ನೆಯ ಹೈಲ್ಯಾಂಡ್ ಡಿವಿಷನ್ನಿನ ಸಾವಿರಾರು ಸೈನಿಕರು ಜರ್ಮನರಿಗೆ ಸೆರೆಸಿಕ್ಕರು. ಬವೇರಿಯಾದ ಲೌಫೆನ್ ಸೆರೆಶಿಬಿರಕ್ಕೆ ಸೇರಿದ ಅಧಿಕಾರಿಗಳಲ್ಲಿ ಕೆಲವರು ಹೊತ್ತು ಕಳೆಯಲೂ ಧೈರ್ಯ ಉಳಿಸಿಕೊಳ್ಳಲೂ ಕುಣಿತಕ್ಕೆ ಕೈಹಾಕಿದರು. ಜಿಮ್ಮಿ ಅಟ್ಕಿನ್ಸನ್ ಎಂಬ ಲೆಫ್ಟಿನೆಂಟ್ ಕಲ್ಪಿಸಿದ ವಿನ್ಯಾಸವನ್ನು ಜೊತೆಯ ಕೈದಿಗಳು ಸೇರಿ ತಿದ್ದಿ ರೂಪಿಸಿದರು. ನೃತ್ಯದ ನಡುವೆ ಕುಣಿಯುವವರು ಕೈಕೈ ಹಿಡಿದು ಮೂಲೆಯಿಂದ ಮೂಲೆಗೆ ಓರೆ ಸಾಲಾಗಿ ನಿಲ್ಲುತ್ತಾರೆ, ಮರುಗಳಿಗೆ ಇನ್ನೆರಡು ಮೂಲೆಗಳ ನಡುವೆ. ಎರಡು ಓರೆ ಸಾಲುಗಳು ಕೂಡಿದರೆ ಸ್ಕಾಟ್ಲೆಂಡಿನ ಬಾವುಟದಲ್ಲಿರುವ ಸಂತ ಆಂಡ್ರ್ಯೂನ ಶಿಲುಬೆ. ಅದೇ ಆ ಡಿವಿಷನ್ನಿನ ತಾಯ್ನಾಡಿನ ಗುರುತು. 1945ರಲ್ಲಿ ಇದು ಪುಸ್ತಕದಲ್ಲಿ ಅಚ್ಚಾಯಿತು. ಹೆಂಗಸರೇ ಇಲ್ಲದ ಶಿಬಿರದಲ್ಲಿ ಗಂಡಸರೇ ಎರಡೂ ಸಾಲು ತುಂಬಿ ಕುಣಿದ ನೃತ್ಯವಿದು ಎಂಬುದನ್ನು ನೆನೆದರೆ, ಯಾರು ಯಾವ ಬದಿಯಲ್ಲಿ ನಿಲ್ಲಬೇಕೆಂದು ಇಂದಿಗೂ ತಕರಾರು ಮಾಡುವ ಕೆಲವು ಹಿರಿಯರ ಬಗ್ಗೆ ನನಗೆ ನಗು ಬರುತ್ತದೆ. ಬೇರೇನನ್ನೂ ಕಲಿಯದಿದ್ದರೂ ಇದೊಂದನ್ನು ಕಲಿತುಕೊಳ್ಳಿ. ಪಟ್ಟಿಯಲ್ಲಿ ಇದಿದ್ದಾಗ ಕೂರಬೇಕಾಗಿ ಬಂದರೆ ಬೇಸರವಾಗುತ್ತದೆ.

ಊಟದ ವಿಚಾರ ಮುಖ್ಯವಾಗಿ ಎದುರಾಗುವುದು ಜನವರಿಯಲ್ಲಿ. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು. ಆ ದಿನದ ಆಸುಪಾಸಿನಲ್ಲಿ ಸಂಘಗಳು ಬರ್ನ್ಸ್ ಸಪ್ಪರ್ ಏರ್ಪಡಿಸುತ್ತವೆ. ಬ್ಯಾಗ್‌ಪೈಪ್ ಊದುತ್ತ ಹ್ಯಾಗಿಸ್ ಎಂಬ ಭಕ್ಷ್ಯವನ್ನು ಮೆರವಣಿಗೆಯಲ್ಲಿ ತರುತ್ತಾರೆ, ಅದನ್ನು ಕುರಿತು ಬರ್ನ್ಸ್ ಬರೆದ ಪದ್ಯವನ್ನು ಒಬ್ಬರು ಅಭಿನಯಪೂರ್ವಕವಾಗಿ ಓದುತ್ತ, ಚೂರಿಯ ಮಾತು ಬರುವ ಸಾಲಿನಲ್ಲಿ ಅದನ್ನು ಸೀಳುತ್ತಾರೆ. ಮೂಲ ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಓಟ್ಸ್, ಈರುಳ್ಳಿ, ಮೆಣಸಿನೊಡನೆ ಬೇಯಿಸಿದ್ದು. ಆದರೆ ಎಡಿನ್‌ಬರೋದ ಮ್ಯಾಕ್‌ಸ್ವೀನ್ ಎಂಬ ಮಾಂಸದಂಗಡಿಯವರು 1984ರಲ್ಲಿ, ಸ್ಕಾಟಿಶ್ ಕಾವ್ಯ ಗ್ರಂಥಾಲಯದ ಉದ್ಘಾಟನೆಯ ಸಂದರ್ಭಕ್ಕೆಂದು, ಬೇಳೆಕಾಳು ಓಟ್ಸ್‌ಗಳ ಸಸ್ಯಾಹಾರಿ ಹ್ಯಾಗಿಸ್ ತಯಾರಿಸಿದರು; ಈಗ ಅದು ಎಲ್ಲೆಡೆ ಸಿಗುತ್ತದೆ, ವಿದ್ಯಾರ್ಥಿಗಳ ಸಪ್ಪರ್‌ಗಳಲ್ಲಿ ಅದನ್ನು ಕೇಳುವವರು ಸಾಕಷ್ಟು ಮಂದಿ. ಜೊತೆಗೆ ಬರುವ ಟರ್ನಿಪ್ ಜಾತಿಯ ಗೆಡ್ಡೆಯ ಮುದ್ದೆ ಮತ್ತು ಆಲೂಗಡ್ಡೆಯ ಮುದ್ದೆ ಹೇಗೂ ಸಸ್ಯಾಹಾರವೇ. ರುಚಿಯ ಬಗ್ಗೆ ಕೇಳಿದರೆ, ಒಂದು ಚಮಚ ಉಪ್ಪಿನಕಾಯಿ ಇದ್ದಿದ್ದರೆ ಎಂದು ನನಗೆ ಪ್ರತಿ ವರ್ಷವೂ ಅನ್ನಿಸಿದೆ. ಟಿಕೆಟ್ ಕೊಳ್ಳುವಾಗಲೇ ನಿಮ್ಮ ಆಹಾರ ಕ್ರಮವನ್ನು ತಿಳಿಸಿಬಿಡಿ. ಗ್ಲಾಸ್ ಎತ್ತುವ ಸಂದರ್ಭಗಳಲ್ಲಿ ಗ್ಲಾಸಿನಲ್ಲಿ ಏನಿದೆ ಎಂಬುದನ್ನು ಯಾರೂ ನೋಡುವುದಿಲ್ಲ. ಉಳಿದಂತೆ ಸಂಘದ ಸಣ್ಣ ಕೂಟಗಳಲ್ಲಿ ಪ್ರತಿಯೊಬ್ಬರೂ ಒಂದೊಂದು ತಿಂಡಿ ತರುವ ಪದ್ಧತಿಯಿದೆ. ಚಿತ್ರಾನ್ನ ಒಯ್ದರೆ ಪಾತ್ರೆ ಬರಿದಾಗಿ ಹಿಂದಿರುಗುತ್ತದೆ.

ವಾರ್ಷಿಕ ಬಾಲ್ ಎಂಬುದು ಮಾತ್ರ ಬೇರೆಯೇ ಲೋಕ, ಎಚ್ಚರಿಕೆಯ ಮಾತು ಹೇಳಬೇಕಾದುದು ಇದರ ಬಗ್ಗೆಯೇ. ಬೇರೆ ಊರುಗಳ ಸಂಘಗಳಿಂದಲೂ ನುರಿತವರು ಬರುತ್ತಾರೆ. ಜೋಡಿಗಳು ನಾಲ್ವರಾಗಿ, ನಾಲ್ವರು ಎಂಟಾಗಿ ಕೂಡಿಕೊಳ್ಳುತ್ತ ಸಭಾಂಗಣವನ್ನು ಸುತ್ತುವ ಗ್ರ್ಯಾಂಡ್ ಮಾರ್ಚ್‌ನೊಂದಿಗೆ ಸಂಜೆ ಆರಂಭವಾಗುತ್ತದೆ, ಇಪ್ಪತ್ತರ ಆಸುಪಾಸಿನಷ್ಟು ನೃತ್ಯಗಳಿರುತ್ತವೆ, ಯಾವುದನ್ನೂ ನಡೆದು ತೋರಿಸುವುದಿಲ್ಲ. ಕ್ರಿಬ್ ಎಂದು ಕರೆಯುವ ಸಂಕ್ಷಿಪ್ತ ಸೂಚನೆಯನ್ನು ನಿರೂಪಕರು ಒಮ್ಮೆ ಸರಸರ ಓದುತ್ತಾರೆ, ಸಂಗೀತ ಶುರುವಾಗುತ್ತದೆ. ಅಕ್ಟೋಬರ್‌ನಲ್ಲಿ ಸೇರಿ ನವೆಂಬರ್‌ನಲ್ಲಿ ಬಾಲ್‌ಗೆ ಹೋಗುವ ಉಮೇದು ಬೇಡ. ಚಳಿಗಾಲ ಕಳೆದ ಮೇಲಿನದಕ್ಕೆ ಹೋಗಿ. ಅದಕ್ಕೂ ಮುಂಚೆ ಸಂಘ ನಡೆಸುವ ಪೂರ್ವಾಭ್ಯಾಸಕ್ಕೆ ತಪ್ಪದೆ ಹೋಗಿ. ಪಟ್ಟಿಯಲ್ಲಿ ನಿಮಗೆ ಖಂಡಿತವಾಗಿ ಗೊತ್ತಿರುವ ಎಂಟು ಹತ್ತು ನೃತ್ಯಗಳಿಗೆ ಗುರುತು ಹಾಕಿಕೊಂಡು, ಉಳಿದವನ್ನು ಕೂತು ನೋಡುವುದರಲ್ಲಿ ಯಾವ ಅವಮಾನವೂ ಇಲ್ಲ. 128 ಬಾರ್‌ಗಳ ದೀರ್ಘ ಜಿಗ್ ಆದ, ಇಯನ್ ಪೌರಿ ಎಂಬ ಸಂಗೀತಗಾರನ ಬೀಳ್ಕೊಡುಗೆಯ ನೃತ್ಯ ಬಂದಾಗಲಂತೂ ಹಳಬರೇ ಗೋಡೆಯ ಬಳಿ ನಿಂತು ಬೆರಳು ಮಡಿಸುತ್ತಿರುತ್ತಾರೆ. ಕೊನೆಗೆ ಎಲ್ಲರೂ ವೃತ್ತವಾಗಿ ನಿಂತು ಬರ್ನ್ಸ್‌ನ ಆಲ್ಡ್ ಲ್ಯಾಂಗ್ ಸೈನ್ ಹಾಡುತ್ತಾರೆ. ಮೊದಲಿನಿಂದಲೇ ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಬೇಡಿ, ಕೈಚಾಚುವ ಮಾತು ಬರುವ ಕೊನೆಯ ಚರಣದಲ್ಲಿ ಹಾಕಬೇಕು.

ಬಾಲ್‌ಗಿಂತ ನನಗೆ ಹೆಚ್ಚು ಪ್ರಿಯವಾದುದು ವಿಶ್ವವಿದ್ಯಾಲಯಗಳ ನಡುವಿನ ಜಾನಪದ ನೃತ್ಯೋತ್ಸವ. 1951ರಿಂದ ನಡೆದುಕೊಂಡು ಬಂದಿರುವ ಇದನ್ನು ಪ್ರತಿ ವರ್ಷ ಬೇರೆ ಬೇರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಹಿಸಿಕೊಳ್ಳುತ್ತಾರೆ. ಚಳಿಗಾಲದ ಕೊನೆಯ ಒಂದು ವಾರಾಂತ್ಯ, ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ. ಸ್ಕಾಟಿಶ್ ನೃತ್ಯದ ಜೊತೆಗೆ ಇಂಗ್ಲೆಂಡಿನ ಮಾರಿಸ್, ಅಮೆರಿಕದ ಕಾಂಟ್ರಾ ಎಲ್ಲವೂ ಇರುತ್ತವೆ. ಮಲಗುವುದು ಯಾವುದೋ ಸಭಾಂಗಣದ ನೆಲದ ಮೇಲೆ, ಒಯ್ದ ಸ್ಲೀಪಿಂಗ್ ಬ್ಯಾಗಿನಲ್ಲಿ. ಸ್ನಾನಕ್ಕೆ ಸರದಿ, ನಿದ್ದೆಗೆ ಬರ. ಭಾನುವಾರದ ಕೊನೆಯ ಕೂಟಕ್ಕೆ ಬದುಕುಳಿದವರ ಕೇಲಿ ಎಂದೇ ಹೆಸರಿದೆ, ಹೆಸರು ಸುಳ್ಳಲ್ಲ. ಹೊಸಬರಿಗೆ ಹೇಳಿಕೊಡುವ ಕಾರ್ಯಾಗಾರಗಳೂ ಇರುವುದರಿಂದ ಇದಕ್ಕೆ ಮೊದಲ ವರ್ಷವೇ ಹೋಗಬಹುದು. ಒಂದು ವರ್ಷದ ವ್ಯಾಸಂಗಕ್ಕೆ ಬಂದವರಿಗೆ ಮುಂದಿನ ವರ್ಷವೆಂಬುದು ಇರುವುದೂ ಇಲ್ಲವಲ್ಲ. ಹೈಲ್ಯಾಂಡ್ಸ್‌ನ ಯಾವುದಾದರೂ ಹಾಸ್ಟೆಲ್‌ಗೆ ಹೋಗಿ ಹಗಲು ಬೆಟ್ಟ ಹತ್ತಿ ಸಂಜೆ ಕುಣಿಯುವ ವಾರಾಂತ್ಯದ ಪ್ರವಾಸವಿದ್ದರೆ ಅದಕ್ಕೂ ಹೆಸರು ಕೊಡಿ, ಅಡುಗೆಯ ಸರದಿಯಲ್ಲಿ ನಿಮ್ಮ ಹೆಸರಿರುತ್ತದೆ ಎಂಬುದನ್ನು ತಿಳಿದುಕೊಂಡು.

ಉಡುಪಿನ ಬಗ್ಗೆ. ತರಗತಿಗೂ ಕೇಲಿಗೂ ಗಾಳಿಯಾಡುವ ಹತ್ತಿಯ ಬಟ್ಟೆ ಸಾಕು. ಹೊರಗೆ ಹಿಮವಿದ್ದರೂ ಒಳಗೆ ಬೆವರು ಸುರಿಯುತ್ತದೆ, ಬದಲಿಸಲು ಇನ್ನೊಂದು ಅಂಗಿ ಒಯ್ಯುವವರೂ ಇದ್ದಾರೆ. ಬಾಲ್‌ಗೆ ಗಂಡಸರಲ್ಲಿ ಹೆಚ್ಚಿನವರು ಕಿಲ್ಟ್ ಎಂಬ ನೆರಿಗೆಯ ಲಂಗದಂಥ ಸ್ಕಾಟಿಶ್ ಉಡುಪು ಧರಿಸುತ್ತಾರೆ, ಹೆಂಗಸರು ಅಗಲವಾದ ನೆರಿಗೆಯ ಉಡುಪು. ಕಿಲ್ಟ್ ದುಬಾರಿ, ಒಂದೇ ಸಂಜೆಗೆ ಬಾಡಿಗೆಗೆ ಸಿಗುತ್ತದೆ. ನಿಮ್ಮ ನಾಡಿನ ಉಡುಪು ಅಷ್ಟೇ ಗೌರವದ್ದು. ಚೂಡಿದಾರ ಎಲ್ಲಕ್ಕಿಂತ ಸಲೀಸು, ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಳ್ಳಬೇಕಷ್ಟೇ. ಸೀರೆಯನ್ನೇ ಉಡುವುದಾದರೆ ನೆರಿಗೆ ಪಾದಕ್ಕಿಂತ ಸ್ವಲ್ಪ ಮೇಲಿರಲಿ, ಸೆರಗಿಗೆ ಪಿನ್ ಹಾಕಿ, ರೇಷ್ಮೆಯ ಬದಲು ಹತ್ತಿಯದನ್ನು ಆರಿಸಿ. ಹಣ ಹಾಕಬೇಕಾದ ಒಂದೇ ವಸ್ತುವೆಂದರೆ ಪಾದರಕ್ಷೆ: ಗಿಲ್ಲಿ ಎನ್ನುವ, ದಾರ ಕಟ್ಟುವ ಮೆದು ಚರ್ಮದ ಶೂ. ರಬ್ಬರ್ ಅಡಿಯ ಶೂ ತಿರುಗುವಾಗ ನೆಲಕ್ಕೆ ಕಚ್ಚಿಕೊಂಡು ಮಂಡಿಗೆ ಪೆಟ್ಟು ಕೊಡುತ್ತದೆ. ಆದರೂ ಮೊದಲ ತಿಂಗಳೇ ಕೊಳ್ಳಬೇಡಿ. ಬಹಳ ಸಂಘಗಳಲ್ಲಿ ಊರು ಬಿಟ್ಟುಹೋದವರ ಹಳೆಯ ಗಿಲ್ಲಿಗಳ ಪೆಟ್ಟಿಗೆಯೊಂದು ಇರುತ್ತದೆ, ನಿಮ್ಮ ಅಳತೆಯದು ಅದರಲ್ಲಿದೆಯೇ ಎಂದು ಮೊದಲು ಕೇಳಿ ನೋಡಿ.